ಕಂಬದ ಕಂಪನಿಯ ಮೇಲಿನ ಅರ್ಧ ಎಕರೆ

ಕಾರ್ತ್ಯಾಯಿನಿ ಪಂಚಾಯತ್ ಮೆಂಬರ್ ಆಗಿ ನಾಲ್ಕು ವರ್ಷ ಕಳೆದಿತ್ತು. ಆ ನಾಲ್ಕು ವರ್ಷವೂ ಅವಳು ಹೆಚ್ಚಾಗಿ ಓಡಾಡಿದ್ದು ಒಂದೇ ಕೆಲಸಕ್ಕೆ. ಕರಡಿಕೊಲ್ಲಿಯಲ್ಲಿ ಪಾಳುಬಿದ್ದಿದ್ದ ಕಂಬದ ಕಂಪನಿಯ ಒಂಬತ್ತು ಎಕರೆ ಜಾಗದಿಂದ ವಿಷ ತೆಗೆಸುವುದಕ್ಕೆ ದುಡ್ಡು ಹೊಂದಿಸುವುದು.

ಕರಡಿಕೊಲ್ಲಿ ಚೇಕಾಡಿಯ ಕಡೆ ಕಾಡಿನ ಅಂಚಿಗಿರುವ ಊರು. ಹೊಳೆ ದಾಟಿದರೆ ಕರ್ನಾಟಕ. ಕಾರ್ತ್ಯಾಯಿನಿಯ ಮುತ್ತಜ್ಜ ಆ ಕಡೆಯಿಂದ ಗದ್ದೆ ಮಾಡಲು ಬಂದು ಇಲ್ಲೇ ನಿಂತವನು. ಮನೆಯೊಳಗೆ ಈಗಲೂ ಕನ್ನಡ, ರಸ್ತೆಗೆ ಇಳಿದರೆ ಮಲಯಾಳ. ಅವಳಿಗೆ ನಲವತ್ತೊಂಬತ್ತು. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಅಪ್ಪನ ಕಾಯಿಲೆಯ ನಡುವೆ ಮರೆತುಹೋಗಿತ್ತು. ಅಪ್ಪ ಸತ್ತ ಮೇಲೆ ಮನೆ ಎರಡು ಭಾಗವಾಯಿತು. ಗೋಡೆಯ ಆಚೆ ತಮ್ಮ ಸುಧೀಶ್ ಮತ್ತು ಅವನ ಹೆಂಡತಿ ಶೋಭ, ಈಚೆ ಇವಳೊಬ್ಬಳು. ರಸ್ತೆಗೆ ಮುಖ ಮಾಡಿದ ಕೋಣೆಯಲ್ಲಿ ಮೆಣಸು, ಶುಂಠಿ ಕೊಳ್ಳುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದಳು. ಶೋಭ ಏನು ಸಾರು ಮಾಡಿದರೂ ಒಂದು ಬಟ್ಟಲು ಗೋಡೆಯ ಮೇಲಿಟ್ಟು "ಅಕ್ಕಾ" ಅಂತ ಕೂಗುತ್ತಿದ್ದಳು. ಆ ಕೂಗು ಬಂದ ಮೇಲೆಯೇ ಕಾರ್ತ್ಯಾಯಿನಿ ಅನ್ನಕ್ಕೆ ಕೂರುತ್ತಿದ್ದದ್ದು.

ಕರೆಂಟಿನ ಕಂಬಗಳು ಮರದವಾಗಿದ್ದ ಕಾಲದಲ್ಲಿ ಆ ಕಂಪನಿ ಜೋರಾಗಿ ನಡೆದಿತ್ತು. ನೀಲಗಿರಿ ಮರದ ಕಂಬಗಳನ್ನು ಉದ್ದನೆಯ ಕಬ್ಬಿಣದ ಕೊಳವೆಯೊಳಗೆ ತಳ್ಳಿ, ಬಾಗಿಲು ಹಾಕಿ, ಗೆದ್ದಲು ಹಿಡಿಯದ ಹಾಗೆ ಹಸಿರು ಮದ್ದನ್ನು ಒತ್ತಡದಿಂದ ತುಂಬಿಸುತ್ತಿದ್ದರು. ಆಮೇಲೆ ಕಂಬಗಳನ್ನು ಬಯಲಲ್ಲಿ ಒರಗಿಸಿದರೆ ಮದ್ದು ಸೋರಿ ಮಣ್ಣಿಗಿಳಿಯುತ್ತಿತ್ತು. ಮದ್ದಿನಲ್ಲಿದ್ದದ್ದು ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಎಂಬ ಪಾಷಾಣ. ಸಿಮೆಂಟಿನ ಕಂಬ ಬಂದ ಮೇಲೆ ಕಂಪನಿ ಮುಚ್ಚಿತು. ಮಾಲೀಕರು ಎಲ್ಲಿಯವರೋ, ತೆರಿಗೆ ಕಟ್ಟದೆ ಹೋದರು. ಜಾಗ ಸರ್ಕಾರಕ್ಕೆ ಬಂತು, ಸರ್ಕಾರದಿಂದ ಪಂಚಾಯತ್‌ಗೆ. ಅಲ್ಲಿ ಮೇಯ್ದ ಎರಡು ಎಮ್ಮೆ ಸತ್ತ ಮೇಲೆ ಆ ಕಡೆ ಯಾರೂ ಹೋಗುತ್ತಿರಲಿಲ್ಲ.

ಶುದ್ಧ ಮಾಡಲು ಆರು ಕೋಟಿ ಬೇಕೆಂದು ಲೆಕ್ಕವಾಗಿತ್ತು. ಮೂರರಲ್ಲಿ ಒಂದು ಪಾಲು ರಾಜ್ಯ ಸರ್ಕಾರದ್ದು, ಒಂದು ಪಾಲು ಸಹಕಾರಿ ಬ್ಯಾಂಕಿನ ಸಾಲ, ಇನ್ನೊಂದು ಪಾಲು ಎರ್ನಾಕುಳದ ಕೋಲ್ಡ್ ಸ್ಟೋರೇಜ್ ಕಂಪನಿಯೊಂದರದ್ದು. ಶುದ್ಧವಾದ ಜಾಗದಲ್ಲಿ ಕಂಪನಿಯವರು ಶುಂಠಿ, ಬಾಳೆ, ಮೆಣಸು ಇಡುವ ಗೋದಾಮು ಕಟ್ಟಿ ಮೂವತ್ತು ವರ್ಷ ಬಾಡಿಗೆ ಕೊಡುವರು. ಆ ಬಾಡಿಗೆಯಿಂದ ಸಾಲದ ಕಂತು ತೀರುವುದು. ಹೇಳಲು ಸುಲಭ. ಆದರೆ ಸರ್ಕಾರ ಕಂಪನಿಯ ಪತ್ರ ಕೇಳುತ್ತಿತ್ತು, ಕಂಪನಿ ಬ್ಯಾಂಕಿನ ಪತ್ರ ಕೇಳುತ್ತಿತ್ತು, ಬ್ಯಾಂಕು ಸರ್ಕಾರದ ಆದೇಶ ಕೇಳುತ್ತಿತ್ತು. ಮೊದಲು ಕೈ ಮುಂದೆ ಮಾಡುವವರು ಯಾರೂ ಇರಲಿಲ್ಲ. ಕಾರ್ತ್ಯಾಯಿನಿ ಒಬ್ಬರ ಅರ್ಧ ಮಾತನ್ನು ಇನ್ನೊಬ್ಬರಿಗೆ ಒಯ್ದು, ಅವರ ಅರ್ಧ ಮಾತನ್ನು ಇವರಿಗೆ ತಂದು, ಕಲ್ಪೆಟ್ಟಕ್ಕೆ ಎಷ್ಟು ಸಲ, ತಿರುವನಂತಪುರಕ್ಕೆ ಎಷ್ಟು ಸಲ ಹೋದಳೋ ಅವಳಿಗೇ ನೆನಪಿಲ್ಲ. ಕೊನೆಗೆ ಮೂವರೂ ಒಂದೇ ದಿನ ಸಹಿ ಹಾಕುವುದೆಂದಾಯಿತು. ಮಾರ್ಚಿನ ಮೊದಲ ಸೋಮವಾರ, ಕಲ್ಪೆಟ್ಟದಲ್ಲಿ. ಮಾರ್ಚ್ ಮೂವತ್ತೊಂದು ದಾಟಿದರೆ ಸರ್ಕಾರದ ಪಾಲು ವಾಪಸು ಹೋಗುತ್ತದೆ.

ಊರಲ್ಲಿ ಆಗಲೇ ಅರವತ್ತನಾಲ್ಕು ಜನರ ಪಟ್ಟಿ ತಯಾರಾಗಿತ್ತು, ಗೋದಾಮಿನ ಕೆಲಸಕ್ಕೆ. ಸುಧೀಶ್ ಹಳೆಯ ಲಾರಿಯೊಂದನ್ನು ಕೊಂಡಿದ್ದ.

ಆ ಸೋಮವಾರಕ್ಕೆ ನಾಲ್ಕು ದಿನ ಮೊದಲು, ಮಧ್ಯಾಹ್ನದ ಹೊತ್ತು, ಕಾಳನ್ ಅಂಗಡಿಗೆ ಬಂದ. ಕಾಳನ್ ತೋಡಿನ, ಅಂದರೆ ಸಣ್ಣ ಹಳ್ಳದ, ಪಕ್ಕದ ಆದಿವಾಸಿ ಹಾಡಿಯವನು, ಅರವತ್ತು ದಾಟಿದವನು. ಕಂಬದ ಕಂಪನಿಯಲ್ಲಿ ಕೂಲಿಯಾಗಿದ್ದು, ಮುಚ್ಚಿದ ಮೇಲೆ ಅದರ ಕಾವಲಿಗೆ ನಿಂತವನು. ಸಂಬಳ ನಿಂತು ಹನ್ನೆರಡು ವರ್ಷವಾಗಿದ್ದರೂ ಗೇಟಿನ ಪಕ್ಕದ ಶೆಡ್ಡು ಬಿಟ್ಟಿರಲಿಲ್ಲ. ಹೆಂಡತಿ ಲೀಲ ಅದೇ ಶೆಡ್ಡಿನಲ್ಲಿ ಸತ್ತಿದ್ದಳು. ಅವನು ಅಂಗಡಿಗೆ ಬರುತ್ತಿದ್ದದ್ದು ಹೊಗೆಸೊಪ್ಪಿಗೆ ಮತ್ತು ಒಂದಿಷ್ಟು ಕನ್ನಡದ ಮಾತಿಗೆ. ಆ ದಿನ ಹೊಗೆಸೊಪ್ಪು ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತ.

"ಅವ್ವ, ಕಂಪನಿ ಜಾಗದ ಮೇಲ್ಗಡೆ ಬೋರು ಹೊಡಿಸ್ತೀರಂತೆ. ಲೈಬ್ರರಿ ಗೋಡೇಲಿ ನಕ್ಷೆ ಹಾಕವ್ರೆ. ನೀಲಿ ಸುತ್ತು ತೋರಿಸಿ ಹೇಳಿದ್ರು."

"ಹೌದು ಕಾಳಣ್ಣ. ಗೋದಾಮಿಗೂ ಅಲ್ಲಿಂದಲೇ ನೀರು, ನಿಮ್ಮ ಹಾಡಿಗೂ ಅಲ್ಲಿಂದಲೇ ಪೈಪು. ಮೇಲ್ಗಡೆ ಮಣ್ಣು ಚೆನ್ನಾಗಿದೆ ಅಂತ ಎಂಜಿನಿಯರ್ ಬರೆದಿದ್ದಾರೆ."

"ಮೇಲ್ಗಡೆ ಮಣ್ಣು ಅವರು ತೆಗೀಲಿಲ್ಲವಲ್ಲ. ಹತ್ತೊಂಬತ್ತು ಕಡೆ ತೋಡಿದ್ರು, ನಾನೇ ತೋಡಿಕೊಟ್ಟೆ. ಮೇಲ್ಗಡೆ ಒಂದೂ ಇಲ್ಲ."

"ಅದು ಮೆಸ್ಸಿನ ತರಕಾರಿ ತೋಟ ಅಂತ ಹಳೇ ಕಾಗದದಲ್ಲಿದೆ. ಅಲ್ಲಿ ಕಂಬ ಇಡ್ತಿರಲಿಲ್ಲ ತಾನೇ?"

"ಕಂಬ ಇಡಲಿಲ್ಲ." ಅವನು ರಸ್ತೆಯ ಎರಡೂ ಕಡೆ ನೋಡಿದ. ಯಾರೂ ಇರಲಿಲ್ಲ. "ಡ್ರಮ್ಮು ಹೂತಿದೀವಿ."

ಕಾರ್ತ್ಯಾಯಿನಿ ತೂಕದ ತಟ್ಟೆಯಿಂದ ಮೆಣಸು ತೆಗೆಯುತ್ತಿದ್ದವಳು ಅಲ್ಲೇ ನಿಂತಳು.

"ಯಾವಾಗ?"

"ಮುಚ್ಚೋ ವರ್ಷ. ಟ್ಯಾಂಕಿನ ತಳದ ಕೆಸರು. ಹೊರಗೆ ಕಳಿಸಕ್ಕೆ ದುಡ್ಡಿಲ್ಲ ಅಂದ್ರು ಮ್ಯಾನೇಜರು. ಮಳೇಲಿ ಮೂರು ದಿನ ಏಳು ಜನ ಗುಂಡಿ ತೋಡಿದ್ವಿ. ನೂರಕ್ಕೆ ಮೇಲೆ ಅವೆ. ಆಮೇಲೆ ಮೇಲೆ ಬದನೆ ಗಿಡ ನೆಡಿಸಿದ್ರು. ಆಳಿಗೆ ಐನೂರು ಕೊಟ್ಟು, ಎಲ್ಲೂ ಆಡಬೇಡಿ ಅಂದ್ರು. ದುಡ್ಡು ಇಸ್ಕೊಂಡಿದ್ವಿ, ಅದಕ್ಕೆ ಆಡಲಿಲ್ಲ."

"ಬೇರೆ ಯಾರಿಗೆ ಗೊತ್ತು?"

"ಏಳು ಜನದಲ್ಲಿ ಐವರು ಮೊದ್ಲೇ ಹೋದ್ರು. ವೆಳ್ಳನ್‌ಗೆ ಗೊತ್ತಿತ್ತು. ಹೋದ ಮಳೇಲಿ ಸತ್ತ. ಈಗ ನನಗೆ. ಇನ್ನು ನಿಮಗೆ."

ಮರುದಿನ ಬೆಳಿಗ್ಗೆ ಅವಳು ಕಾಳನ ಜೊತೆ ಮೇಲ್ಗಡೆ ಹತ್ತಿದಳು. ತೋಟ ಇದ್ದ ಜಾಗದಲ್ಲಿ ಈಗ ಲಂಟಾನ ಪೊದೆ. ಅವನು ಕತ್ತಿಯಿಂದ ಸ್ವಲ್ಪ ಸವರಿ, ಉದ್ದನೆಯ ಕಬ್ಬಿಣದ ಸಲಾಕೆಯನ್ನು ಮಣ್ಣಿಗೆ ಚುಚ್ಚಿ ಕೊಡತಿಯಿಂದ ಬಡಿದ. ಮಾರುದ್ದ ಇಳಿದ ಮೇಲೆ ತಗಡಿನ ಸದ್ದು ಬಂತು. ಇನ್ನೊಂದು ಪೆಟ್ಟು ಹಾಕಿದ್ದೇ ಸಲಾಕೆ ತಡೆಯಿಲ್ಲದೆ ಒಳಗೆ ಜಾರಿತು. ತಗಡು ಹಪ್ಪಳದಷ್ಟೂ ಗಟ್ಟಿಯಿರಲಿಲ್ಲ. ಎಳೆದು ತೆಗೆದಾಗ ತುದಿಯಲ್ಲಿ ಹಸಿರು ಕೆಸರು ಒಂದು ಗೇಣು ಮೆತ್ತಿತ್ತು. ವಾಸನೆ ಏನೂ ಇರಲಿಲ್ಲ. ಕಾಳನ್ ಸೊಪ್ಪಿನಿಂದ ಅದನ್ನು ಒರೆಸಲು ಹೋದ.

"ಮುಟ್ಟಬೇಡಿ," ಅಂದಳು ಅವಳು.

"ಆಗ ಬರಿಗೈಲೇ ಎತ್ತಿದ್ವಿ ಅವ್ವ," ಅಂದ ಅವನು. ದೂರಿನ ದನಿಯಲ್ಲಿ ಅಲ್ಲ, ಸುಮ್ಮನೆ.

ಅಲ್ಲಿಂದ ಕೆಳಗೆ ನೋಡಿದರೆ ಬಯಲು, ಬಯಲಿನ ಕೆಳಗೆ ತೋಡು, ತೋಡಿನ ಪಕ್ಕ ಹಾಡಿಯ ಬಾವಿ. ಒಬ್ಬಳು ನೀರು ಸೇದುತ್ತಿದ್ದಳು. ಅಷ್ಟು ದೂರಕ್ಕೆ ಯಾರೆಂದು ಗೊತ್ತಾಗಲಿಲ್ಲ.

ಮನೆಗೆ ಬಂದು ಅವಳು ಗ್ರೀಷ್ಮಗೆ ಫೋನ್ ಮಾಡಿದಳು. ಗ್ರೀಷ್ಮ ಕೋಳಿಕ್ಕೋಡಿನ ಎಂಜಿನಿಯರ್, ಮಣ್ಣಿನ ಪರೀಕ್ಷೆ ಮಾಡಿ ವರದಿ ಬರೆದವಳು, ಮೂವತ್ತೂ ಆಗಿರದ ಹುಡುಗಿ, ಇವಳನ್ನು ಚೇಚಿ, ಅಕ್ಕ, ಅಂತ ಕರೆಯುವವಳು. ಕಾರ್ತ್ಯಾಯಿನಿ ಸುತ್ತಿಬಳಸಿ ಮಲಯಾಳದಲ್ಲಿ ಕೇಳಿದಳು. "ಒಂದು ವೇಳೆ ಮೇಲಿನ ಅರ್ಧ ಎಕರೆಯಲ್ಲಿ ಏನಾದರೂ ಹೂತಿದ್ದರೆ ಖರ್ಚು ಎಷ್ಟಾಗುತ್ತೆ?"

"ಎಷ್ಟು ಡ್ರಮ್ಮು ಚೇಚಿ?" ಅಂತ ಕೇಳಿದಳು ಗ್ರೀಷ್ಮ.

ಇಂಥ ಕಂಪನಿಗಳು ಹೂಳುವುದು ಏನೆಂದು ಗೊತ್ತಿದ್ದವಳು ಗ್ರೀಷ್ಮ; ಡ್ರಮ್ಮು ಎಂಬ ಮಾತನ್ನು ಕಾರ್ತ್ಯಾಯಿನಿ ಆಡಿರಲಿಲ್ಲ. "ಸುಮ್ಮನೆ ಕೇಳಿದೆ," ಅಂದಳು.

"ನೂರು ಇದ್ದರೆ, ಸುತ್ತಲಿನ ಮಣ್ಣೂ ಸೇರಿ, ಮೂರೂವರೆ ನಾಲ್ಕು ಕೋಟಿ ಹೆಚ್ಚಾಗುತ್ತದೆ. ಖರ್ಚು ಅಂದಾಜಿಗಿಂತ ನೂರಕ್ಕೆ ಹದಿನೈದರಷ್ಟು ಮೀರಿದರೆ ಕಂಪನಿ ಬಿಟ್ಟುಹೋಗಬಹುದು ಅಂತ ಒಪ್ಪಂದದಲ್ಲೇ ಇದೆ. ನೀವು ಓದಿದ್ದೀರಿ." ಮತ್ತೆ ಹೇಳಿದಳು, "ನೀವು ನನಗೆ ಹೇಳಿದರೆ ನಾನು ಬರೆಯಲೇಬೇಕು. ಹೇಳದಿದ್ದರೆ ನನಗೆ ಗೊತ್ತಿಲ್ಲ. ಸೋಮವಾರದವರೆಗೆ ನಾನು ಫೋನ್ ಮಾಡುವುದಿಲ್ಲ."

ಆಮೇಲಿನ ಎರಡು ದಿನ ಕಾರ್ತ್ಯಾಯಿನಿ ಅಂಗಡಿ ತೆಗೆದಳು, ತೂಗಿದಳು, ಬಂದವರ ಜೊತೆ ನಕ್ಕಳು. ಬಂದವರೆಲ್ಲ ಸೋಮವಾರದ ಮಾತೇ ಆಡುತ್ತಿದ್ದರು. ಗೋದಾಮಿನಲ್ಲಿ ಹೆಂಗಸರಿಗೆ ಸಮವಸ್ತ್ರ ಯಾವ ಬಣ್ಣದ್ದು ಅಂತ ಒಬ್ಬಳು ಕೇಳಿದಳು. ಒಳಗೆ ಅವಳ ತಲೆ ಬೇರೆ ಕೆಲಸ ಮಾಡುತ್ತಿತ್ತು. ಸಹಿ ಆದ ಮೇಲೆ ಹೇಳಿದರೆ? ಆಗ ಕಂಪನಿ ಹೋಗುತ್ತದೆ, ಸಾಲ ಉಳಿಯುತ್ತದೆ, ಕಂತು ಪಂಚಾಯತ್ ಕಟ್ಟಬೇಕು. ಅಂಗನವಾಡಿಯ ಛಾವಣಿಗೆ, ದಾರಿದೀಪಕ್ಕೆ ಇಟ್ಟ ದುಡ್ಡೆಲ್ಲ ಅದಕ್ಕೇ. ಹೇಳದೆ ಬೋರ್‌ವೆಲ್ ಮಾತ್ರ ಬೇರೆ ಕಡೆಗೆ ಬದಲಿಸಿದರೆ? ಅದು ಆಗುವ ಕೆಲಸ. ನಕ್ಷೆಯಲ್ಲಿ ಒಂದು ನೀಲಿ ಸುತ್ತು ಅಳಿಸಿ ಇನ್ನೊಂದು ಕಡೆ ಬರೆದರೆ ಮುಗಿಯಿತು. ಮೇಲ್ಗಡೆ ಲಾರಿ ನಿಲ್ಲಲು ಕಾಂಕ್ರೀಟು ಹಾಸಿದರೆ ಅಲ್ಲಿ ಏನಿದೆ ಅಂತ ಯಾರೂ ಕೇಳರು. ಕಾಳನ್ ಇನ್ನೆಷ್ಟು ವರ್ಷ? ಆ ಯೋಚನೆ ಬಂದಾಗ ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಆದರೂ ಯೋಚನೆ ಹೋಗಲಿಲ್ಲ. ಶನಿವಾರ ಪೂರ್ತಿ ಅದನ್ನೇ ಸರಿಯೆಂದು ಇಟ್ಟುಕೊಂಡಿದ್ದಳು.

ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕೆನಿಸಿತು. ತಮ್ಮನ ಹತ್ತಿರ ಹೇಳುವಂತಿಲ್ಲ. ಅವನ ಲಾರಿ ಅಂಗಳದಲ್ಲೇ ನಿಂತಿದೆ. ಪಂಚಾಯತ್ ಅಧ್ಯಕ್ಷ ಮೋಹನನಿಗೆ ಹೇಳಿದರೆ ಅವನು ಬಾಯಿ ಮುಚ್ಚಿಸುತ್ತಾನೆ, ಆಮೇಲೆ ಅವಳು ಮುಚ್ಚಿಕೊಂಡವಳೇ ಆಗುತ್ತಾಳೆ. ಭಾನುವಾರ ಸಂಜೆ ಅವಳು ಕಾಳನ ಶೆಡ್ಡಿಗೆ ಹೋದಳು. ಅವನು ಕಪ್ಪು ಚಹಾ ಕಾಸಿಕೊಟ್ಟ.

"ಕಾಂಕ್ರೀಟು ಹಾಕಿದ್ರೆ ನಿಲ್ಲಲ್ವಾ ಕಾಳಣ್ಣ?"

"ಮೇಲಿಂದ ಮಳೆ ನಿಲ್ತದೆ. ಅಡೀಲಿ ನೀರಿನ ಊಟೆ ಅದೆ ಅಲ್ಲಿ. ಗುಂಡಿ ತೋಡುವಾಗ ಮೊಣಕಾಲುದ್ದ ನೀರು. ನೀರಲ್ಲೇ ಇಳಿಸಿದ್ವಿ ಡ್ರಮ್ಮ."

"ಇಷ್ಟು ವರ್ಷ ನೀವು ಹೇಳಲಿಲ್ಲ. ಈಗ ಯಾಕೆ ಹೇಳಿದ್ರಿ?"

ಕಾಳನ್ ಲೋಟ ಕೆಳಗಿಟ್ಟ. "ಯಾರೂ ಕೇಳಲಿಲ್ಲವಲ್ಲ ಅವ್ವ. ಈ ಜಾಗಕ್ಕೆ ಎಷ್ಟು ಜನ ಬಂದ್ರು, ಹೋದ್ರು. ಗೇಟು ತೆಗಿ ಅಂದ್ರು, ಹಾಕು ಅಂದ್ರು. ಇಲ್ಲಿ ಏನಿತ್ತು ಕಾಳ ಅಂತ ಒಬ್ಬರೂ ಕೇಳಲಿಲ್ಲ. ನೀರಿಗೆ ಅಂತ ಗೊತ್ತಾದ ಮೇಲೆ ಕೇಳದಿದ್ರೂ ಹೇಳಬೇಕಾಯ್ತು."

ಅವಳು ಚಹಾ ಕುಡಿದು ಎದ್ದಳು. ದಾರಿಯಲ್ಲಿ ಮಾಡಿಕೊಂಡ ತೀರ್ಮಾನ ಅಂತ ಏನೂ ಇಲ್ಲ. ಮನೆ ಮುಟ್ಟುವಾಗ, ನಾಳೆ ಹೇಳುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು ಅಷ್ಟೆ. ಆ ದಿನ ಶೋಭ ಹುರುಳಿಕಾಳಿನ ಸಾರು ಕೊಟ್ಟಿದ್ದಳು. ಅದನ್ನು ಪೂರ್ತಿ ಉಂಡಳು.

ಕಲ್ಪೆಟ್ಟದ ಸಭೆಯಲ್ಲಿ ಹನ್ನೊಂದು ಜನ ಇದ್ದರು. ಸಹಿಯ ಕಾಗದಗಳನ್ನು ಮೂರು ಕಟ್ಟು ಮಾಡಿ ಮೇಜಿನ ಮೇಲಿಟ್ಟಿದ್ದರು. ಕಾರ್ತ್ಯಾಯಿನಿ ಎದ್ದು ನಿಂತು, ಸಹಿಗೆ ಮೊದಲು ಒಂದು ವಿಷಯ ಹೇಳಬೇಕು ಅಂದಳು. ಐದು ನಿಮಿಷದಲ್ಲಿ ಹೇಳಿ ಮುಗಿಸಿದಳು. ಗ್ರೀಷ್ಮ ತಲೆ ಬಗ್ಗಿಸಿ ಬರೆದುಕೊಂಡಳು. ಕೋಲ್ಡ್ ಸ್ಟೋರೇಜ್ ಕಂಪನಿಯ ಅಧಿಕಾರಿ ಒಳ್ಳೆಯವನೇ. "ಈಗಲೇ ಹೇಳಿದ್ದು ಉಪಕಾರವಾಯಿತು" ಅಂದು, ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿದ. ಬ್ಯಾಂಕಿನವರು ತಮ್ಮ ಕಟ್ಟು ತಾವೇ ಎತ್ತಿಕೊಂಡರು. ಹೊಸದಾಗಿ ಅಂದಾಜು ಮಾಡಿ ನೋಡೋಣ ಅಂತ ಯಾರೋ ಹೇಳಿದರು. ಹೊಸ ಅಂದಾಜು ಮಾರ್ಚಿನೊಳಗೆ ಆಗುವುದಿಲ್ಲ ಅಂತ ಅಲ್ಲಿದ್ದ ಹನ್ನೊಂದು ಜನಕ್ಕೂ ಗೊತ್ತಿತ್ತು.

ವಾಪಸು ಬರುವಾಗ ಪಂಚಾಯತ್ ಜೀಪಿನಲ್ಲಿ ಮೋಹನನ್ ಮುಂದಿನ ಸೀಟಿನಲ್ಲಿ ಕೂತಿದ್ದ. ಪುಲ್ಪಳ್ಳಿ ದಾಟಿದ ಮೇಲೆ ತಿರುಗದೆಯೇ ಕೇಳಿದ, "ನನಗೆ ಒಂದು ದಿನ ಮೊದಲು ಹೇಳಬಹುದಿತ್ತಲ್ಲ?"

"ಹೇಳಿದ್ದರೆ ನೀವು ಬೇಡ ಅಂತಿದ್ದಿರಿ."

"ಹೌದು," ಅಂದ ಮೋಹನನ್.

ಅವಳಿಗಿಂತ ಮೊದಲೇ ಸುದ್ದಿ ಊರು ಮುಟ್ಟಿತ್ತು. ಸುಧೀಶ್ ಅಂಗಳದಲ್ಲಿ ನಿಂತಿದ್ದ. "ಅಕ್ಕ, ಒಬ್ಬ ಕುಡುಕ ಮುದುಕನ ಮಾತು ಕಟ್ಟಿಕೊಂಡು ಹೋಗಿ ಹೇಳಿದೆಯಾ?"

"ಅವನು ಕುಡಿಯಲ್ಲ. ನಾನು ಕಣ್ಣಾರೆ ನೋಡಿದೆ ಸುಧಿ."

"ನೋಡಿ ಸುಮ್ಮನಿರಬಹುದಿತ್ತು. ಇಷ್ಟು ವರ್ಷ ಇರಲಿಲ್ಲವಾ ಅದು ಅಲ್ಲಿ?"

ಅದಕ್ಕೆ ಉತ್ತರ ಇತ್ತು. ಊಟೆಯ ಮಾತು, ತಗಡಿನ ಮಾತು, ಬಾವಿಯ ಮಾತು. ಅವಳು ಹೇಳಲು ಬಾಯಿ ತೆಗೆಯುವುದರೊಳಗೆ ಅವನು ಒಳಗೆ ಹೋಗಿದ್ದ. ಆ ಸಂಜೆ ಗೋಡೆಯ ಮೇಲೆ ಬಟ್ಟಲು ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರ ಕಳೆದ ಮೇಲೆ ಕಾರ್ತ್ಯಾಯಿನಿ ತನ್ನ ಬಳಿ ಉಳಿದಿದ್ದ ಶೋಭಳ ಎರಡು ಬಟ್ಟಲುಗಳನ್ನು ತೊಳೆದು ಗೋಡೆಯ ಮೇಲಿಟ್ಟಳು. ಯಾರೋ ಸದ್ದಿಲ್ಲದೆ ತೆಗೆದುಕೊಂಡು ಹೋದರು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಹೇಳಬಹುದಿತ್ತು. ಮೆಣಸು ತರುವವರು ಕಡಿಮೆಯಾದರು. ಬಂದವರು ತೂಗಿಸಿ, ದುಡ್ಡು ತೆಗೆದುಕೊಂಡು, ನಿಲ್ಲದೆ ಹೋಗುತ್ತಿದ್ದರು. ಕುಡುಂಬಶ್ರೀ ಹೆಂಗಸರ ಸಂಘದ ಕೂಟಕ್ಕೆ ಹೋದರೆ ಮಾತು ನಿಂತು, ಯಾರಾದರೂ ಎದ್ದು ಕುರ್ಚಿ ಕೊಡುತ್ತಿದ್ದರು. ಮೊದಲು ಅವಳು ಅವರ ಚಾಪೆಯ ಮೇಲೇ ಕೂರುತ್ತಿದ್ದಳು. ಹಾಡಿಯಲ್ಲೂ ಹಾಗೆಯೇ. ಪಟ್ಟಿಯಲ್ಲಿ ಅಲ್ಲಿಯ ಹನ್ನೆರಡು ಜನರ ಹೆಸರಿತ್ತು, ನಲ್ಲಿಯ ಆಸೆ ಇತ್ತು. ಎರಡೂ ಹೋದದ್ದು ಕಾಳನಿಂದ ಅಂತ ಅವರ ಲೆಕ್ಕ. ಅವನ ಸ್ವಂತ ಜನ ಅವನ ಶೆಡ್ಡಿನ ದಾರಿ ಬಿಟ್ಟು ಗದ್ದೆಯ ಬದುವಿನ ಮೇಲೆ ಸುತ್ತಿ ಹೋಗಲು ಶುರುಮಾಡಿದರು.

ಹೀಗಾಗಿ ಆ ವರ್ಷ ಅವರಿಬ್ಬರೇ ಒಬ್ಬರಿಗೊಬ್ಬರು ಮಾತಿಗೆ ಸಿಗುತ್ತಿದ್ದವರು. ಮಾತು ಅಂದರೆ ಬಹಳವೇನಿಲ್ಲ. ಆನೆ ಎಲ್ಲಿ ಇಳಿದಿದೆ, ಶುಂಠಿಗೆ ಕೊಳೆ ಬಂದಿದೆಯಾ, ಲೀಲಳಿಗೆ ಯಾವ ಮೀನು ಇಷ್ಟವಿತ್ತು, ಇಂಥದ್ದು. ಕಾರ್ತ್ಯಾಯಿನಿ ಕಲ್ಪೆಟ್ಟಕ್ಕೆ ಪತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಒಂಬತ್ತು ಎಕರೆಯ ಮಾತು ಬಿಟ್ಟು ಈಗ ಅರ್ಧ ಎಕರೆಯ ಮಾತು ಮಾತ್ರ ಬರೆಯುತ್ತಿದ್ದಳು. ಅದಕ್ಕೆ ಬಾಡಿಗೆ ಕೊಡುವವರಿಲ್ಲ, ಸಾಲ ಕೊಡುವವರೂ ಇಲ್ಲ. ಡ್ರಮ್ಮು ತೆಗೆದರೆ ಯಾರಿಗೂ ಲಾಭವಿಲ್ಲ, ತೆಗೆಯದಿದ್ದರೆ ಕೇಡು, ಅಷ್ಟೆ. ಅಂಥ ಕೆಲಸಕ್ಕೆಂದು ಸರ್ಕಾರದಲ್ಲಿ ತುರ್ತು ನಿಧಿಯೊಂದು ಇದೆಯೆಂದು ಗ್ರೀಷ್ಮ ತಿಳಿಸಿದಳು, ಅರ್ಜಿಯ ನಮೂನೆಯನ್ನೂ ಕಳಿಸಿದಳು.

ಡಿಸೆಂಬರಿನ ಪಂಚಾಯತ್ ಚುನಾವಣೆಯಲ್ಲಿ ಪಕ್ಷದವರು ಅವಳಿಗೆ ಸೀಟು ಕೊಡಲಿಲ್ಲ. ಅವಳೂ ಕೇಳಲಿಲ್ಲ. ತುರ್ತು ನಿಧಿ ಮಂಜೂರಾದ ಕಾಗದ ಬಂದದ್ದು ಜನವರಿಯಲ್ಲಿ, ಹೊಸ ಮೆಂಬರಿನ ಹೆಸರಿಗೆ.

ಫೆಬ್ರವರಿಯಲ್ಲಿ ಕೆಲಸ ನಡೆಯಿತು. ಹದಿನಾರು ದಿನ. ಬಿಳಿ ಅಂಗಿ, ಮುಖಕ್ಕೆ ಕವಚ ಹಾಕಿದ ಆಳುಗಳು ಬಂದು, ಸುತ್ತ ಹಳದಿ ಪಟ್ಟಿ ಕಟ್ಟಿ, ಯಂತ್ರದಿಂದ ಮಣ್ಣು ತೆಗೆದರು. ಕಾರ್ತ್ಯಾಯಿನಿಗೆ ಒಳಗೆ ಹೋಗಲು ಈಗ ಯಾವ ಅಧಿಕಾರವೂ ಇರಲಿಲ್ಲ. ಅಂಗಡಿ ಮುಚ್ಚಿ ಬಂದು ಪಟ್ಟಿಯ ಹೊರಗೆ ಕಾಳನ ಪಕ್ಕ ನಿಲ್ಲುತ್ತಿದ್ದಳು. ಮೊದಲೆರಡು ದಿನ ಊರಿನವರು ಕೆಲವರು ಬಂದು ನೋಡಿದರು. ಆಮೇಲೆ ಅವರಿಬ್ಬರೇ. ನೂರಾ ಮೂವತ್ತೆಂಟು ಡ್ರಮ್ಮು ಸಿಕ್ಕವು. ಇಡಿಯಾಗಿ ಎದ್ದದ್ದು ಇಪ್ಪತ್ತೊಂದು, ಉಳಿದವು ಮುಟ್ಟಿದರೆ ಪುಡಿಯಾದವು. ಕಾಳನ್ ಒಂದೊಂದು ಎದ್ದಾಗಲೂ ಏನೋ ಗೊಣಗುತ್ತಿದ್ದ. ಅವಳು ಕಿವಿಗೊಟ್ಟು ಕೇಳಿದಳು. ಹೂತವರ ಹೆಸರು ಹೇಳುತ್ತಿದ್ದ. ವೆಳ್ಳನ್, ಚಾತನ್, ಕರಿಯನ್, ಹೀಗೆ ಏಳು ಹೆಸರು, ತನ್ನದೂ ಸೇರಿ.

ಕೊನೆಯ ದಿನ ಗ್ರೀಷ್ಮ ಕವಚ ತೆಗೆದು, ಬೆವರು ಒರೆಸಿಕೊಂಡು ಪಟ್ಟಿಯ ಹತ್ತಿರ ಬಂದಳು.

"ಹಾಡಿಯ ಬಾವಿ ಪರೀಕ್ಷೆ ಮಾಡಿದೆವು ಚೇಚಿ. ವಿಷ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಅರ್ಧ ದಾರಿ ಬಂದಿತ್ತು. ಇನ್ನು ನಾಲ್ಕೈದು ಮಳೆಗಾಲ ಬಿಟ್ಟಿದ್ದರೆ ಮುಟ್ಟುತ್ತಿತ್ತು."

"ಇದನ್ನು ಊರಿನಲ್ಲಿ ಹೇಳುತ್ತೀರಾ?"

"ವರದಿಯಲ್ಲಿ ಬರೆಯುತ್ತೇನೆ," ಅಂದಳು ಗ್ರೀಷ್ಮ. ವರದಿ ಯಾರು ಓದುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಮತ್ತೆ ಅವಳೇ ಹೇಳಿದಳು, "ಉಳಿದ ಎಂಟೂವರೆ ಎಕರೆಗೆ ಆರು ಕೋಟಿಯ ಹಳೇ ಅಂದಾಜೇ ಸಾಕು ಈಗ. ಯಾರಾದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅಷ್ಟೇ."

ಕೆಲಸ ಮುಗಿಸಿದವರು ಹೋಗುವಾಗ ಒಂದು ಆದೇಶ ಅಂಟಿಸಿ ಹೋದರು. ಜಾಗ ಪೂರ್ತಿ ಶುದ್ಧವಾಗುವವರೆಗೆ ಬೇಲಿಯೊಳಗೆ ಯಾರೂ ವಾಸ ಮಾಡಕೂಡದು. ವಾಸ ಮಾಡುತ್ತಿದ್ದದ್ದು ಕಾಳನ್ ಒಬ್ಬನೇ. ಕಾರ್ತ್ಯಾಯಿನಿ ಅದನ್ನು ಅವನಿಗೆ ಓದಿ ಹೇಳಿದಳು.

"ನನ್ನ ಮನೆ ಹಿಂದಿನ ಕೋಣೆ ಖಾಲಿ ಇದೆ ಕಾಳಣ್ಣ," ಅಂದಳು.

ಅವನು ಬೇಡವೆಂದು ತಲೆ ಆಡಿಸಿದ. "ತಿರುನೆಲ್ಲಿ ಕಡೆ ತಂಗಿ ಮಗಳು ಗೀತು ಅವಳೆ. ಬಾ ಅಂತ ಬಹಳ ದಿನದಿಂದ ಕರೀತಾವಳೆ. ಇಲ್ಲಿದ್ರೆ ನಿಮಗೂ ಕಷ್ಟ."

"ನನಗೇನು ಕಷ್ಟ?"

"ಅಂಗಡಿಗೆ ಜನ ಬರಬೇಕಲ್ಲ ಅವ್ವ."

ಮಾರ್ಚಿನ ಒಂದು ಬೆಳಿಗ್ಗೆ ಅವನು ಒಂದು ಚೀಲ, ಒಂದು ಪಾತ್ರೆ ಗಂಟು ಹಿಡಿದು ಹೊರಟ. ಕಾರ್ತ್ಯಾಯಿನಿ ಮಾನಂತವಾಡಿಯವರೆಗೆ ಜೊತೆಗೆ ಹೋದಳು. ತಿರುನೆಲ್ಲಿ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಹೋಟೆಲಿನಲ್ಲಿ ಇಬ್ಬರೂ ಪುಟ್ಟು ಕಡಲೆ ತಿಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು ಅವಳು ಕೆಳಗಿಳಿದಳು.

"ಆ ಕಡೆ ಬಂದ್ರೆ ಬನ್ನಿ," ಅಂದ ಕಾಳನ್ ಕಿಟಕಿಯಿಂದ.

"ಬರ್ತೀನಿ."

"ಉಳಿದ ಜಾಗದ್ದು ಏನಾಯ್ತು ಅಂತ ಹೇಳಿ ಕಳಿಸಿ."

ಅವಳು ಹೂಂ ಅಂದಳು. ಬಸ್ಸು ಹೋಯಿತು. ಅವಳ ಪುಲ್ಪಳ್ಳಿ ಬಸ್ಸಿಗೆ ಒಂದು ಗಂಟೆ ಬಾಕಿಯಿತ್ತು. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಗೆರೆ ಹಾಕಿದ ಕಾಗದದ ಒಂದು ಕಟ್ಟು, ಒಂದು ಪೆನ್ನು ಕೊಂಡಳು. ಬೆಂಚಿನ ಮೇಲೆ ಕೂತು, ಮೊಣಕಾಲ ಮೇಲೆ ಕಾಗದವಿಟ್ಟು, ಉಳಿದ ಎಂಟೂವರೆ ಎಕರೆಗಾಗಿ ಸರ್ಕಾರಕ್ಕೆ ಒಂದು, ಬ್ಯಾಂಕಿಗೆ ಒಂದು ಅರ್ಜಿ ಬರೆಯಲು ತೊಡಗಿದಳು. ಮೊದಲೆಲ್ಲ ಹೆಸರಿನ ಕೆಳಗೆ ವಾರ್ಡ್ ಮೆಂಬರ್ ಅಂತ ಬರೆಯುತ್ತಿದ್ದಳು. ಈಗ ಏನು ಬರೆಯುವುದೆಂದು ಸ್ವಲ್ಪ ಹೊತ್ತು ತೋಚಲಿಲ್ಲ. ಕೊನೆಗೆ ಬರೀ ಊರಿನ ಹೆಸರು ಬರೆದಳು.